ಸಟವಿ ಆಡಿಸುತ್ತಿದ್ದ ಕೂಸು

ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ಮಗಳನ್ನು ಆಳಂದದ ಆಸ್ಪತ್ರೆಯಿಂದ ಮಣ್ಣೂರಿನ ತವರಿಗೆ ಕರೆತಂದಾಗ, ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಭಾಳ ಶಾಣ್ಯಾ ಕೂಸು ಅದ, ಅಳೂದೇ ಇಲ್ಲ ನೋಡ್ರಿ." ನನಗೆ ಮೈಯೆಲ್ಲ ಉರಿಯುತ್ತಿತ್ತು. ತ್ರಾಣವಿದ್ದರೆ ತಾನೆ ಅಳುವುದು! ಮೊಲೆಗೆ ಹಚ್ಚಿದರೆ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತಿತ್ತು. ಎಬ್ಬಿಸಿ ಎಬ್ಬಿಸಿ ಕುಡಿಸಿ, ಚೀಪದಿದ್ದರೆ ಹಾಲು ಹಿಂಡಿ ಚಮಚೆಯಲ್ಲಿ ಹಾಕಿ, ಬಟ್ಟೆ ಒದ್ದೆಯಾಗುತ್ತದೋ ಇಲ್ಲವೋ ನೋಡುತ್ತಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅವ್ವ ಎಬ್ಬಿಸಗೊಡುತ್ತಿರಲಿಲ್ಲ. ನಿದ್ದೆಯಲ್ಲಿ ಕೂಸಿನ ತುಟಿ ಅಲುಗಿದರೆ ಹಣೆಬರಹ ಬರೆಯುವ ಸಟವಿತಾಯಿ ಬಂದು ಆಡಿಸುತ್ತಿದ್ದಾಳೆಂದು ನಮ್ಮ ಕಡೆ ನಂಬಿಕೆ. ಆಗ ಎಬ್ಬಿಸಿದರೆ ಸಿಟ್ಟಾಗಿ ಕೂಸನ್ನೇ ಒಯ್ಯುತ್ತಾಳಂತೆ.

ಆ ದಿನ ಮುಂಜಾನೆ ಸುತ್ತಿದ ಬಟ್ಟೆ ಮಧ್ಯಾಹ್ನವಾದರೂ ಒಣಗಿಯೇ ಇತ್ತು. ಕೂಸನ್ನು ಎತ್ತಲು ಹೋದರೆ ಅವ್ವ ನನ್ನ ಕೈ ಹಿಡಿದಳು.

"ನಗಾಕತ್ತಾಳ, ಎಬ್ಬಸಬ್ಯಾಡಬೇ!"

"ಮುಂಜಾನಿಂದ ಉಚ್ಚಿ ಹೊಯ್ದಿಲ್ಲಬೇ ಅವ್ವಾ! ನಿನ್ನ ಸಟವಿಗೆ ಅಷ್ಟೂ ತಿಳಿಯಂಗಿಲ್ಲೇನು?"

ಬಾಣಂತಿಯ ಬಾಯಲ್ಲಿ ಎಂಥ ಮಾತು ಬಂತೆಂದು ಅವ್ವ ಕೆನ್ನೆ ಬಡಿದುಕೊಂಡಳು. ನಾನು ಕೂಸನ್ನು ಎತ್ತಿದೆ. ಅಂಗಾಲು ತಟ್ಟಿದರೂ ಕಣ್ಣು ತೆರೆಯಲಿಲ್ಲ, ಬಾಯಲ್ಲಿ ಬೆರಳಿಟ್ಟರೂ ಚೀಪಲಿಲ್ಲ.

ನೆರೆಮನೆಯವರ ಜೀಪಿನಲ್ಲಿ ಅಫಜಲಪುರಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು.

"ಇದು ನಿದ್ದಿ ಅಲ್ರಿ, ಹೊಟ್ಟಿಗಿಲ್ದ ನಿತ್ರಾಣ ಆಗ್ಯಾಳ," ಎಂದರು ಅಲ್ಲಿಯ ಡಾಕ್ಟರು. ಉಚ್ಚೆ ಹೊಯ್ಯುವವರೆಗೆ ಏನೂ ಹೇಳಲಾಗದು ಎಂದೂ ಅಂದರು. ಅಷ್ಟಕ್ಕಾಗಿ ನಾನು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ, ಆಗಷ್ಟೇ ಬೈದಿದ್ದ ಸಟವಿಗೂ.

ಸಂಜೆ ನರ್ಸು ಹೊರಗೆ ಬಂದು, "ಬಟ್ಟಿ ತೋಯ್ಸ್ಯಾಳ ನೋಡ್ರಿ ನಿಮ್ಮ ಮಗಳು," ಎಂದಳು. ನಾನು ಗೋಡೆಗೆ ಒರಗಿ ಗಳಗಳನೆ ಅತ್ತೆ.

ಅವ್ವ ಅಳಲಿಲ್ಲ. ಸೆರಗು ಬಿಗಿಹಿಡಿದು ಬೆಂಚಿನ ಮೇಲೆ ಕೂತಿದ್ದಳು. ನನಗಿಂತ ಮೊದಲು ಆಕೆಗೊಂದು ಹೆಣ್ಣು ಹುಟ್ಟಿತ್ತು, ಅದೂ ತಿಂಗಳು ತುಂಬದ್ದು. ನಿದ್ದೆಯಲ್ಲಿ ನಗುತ್ತಿದ್ದ ಹಾಗೇ ಸಟವಿ ಒಯ್ದಳು ಎಂದು ಎಷ್ಟೋ ಸಲ ಹೇಳಿದ್ದಳು.

ನನ್ನ ಕಡೆ ತಿರುಗಿ ಕೇಳಿದಳು: "ಹಂಗಾದ್ರ ಅಕೀನೂ ಹಸದಿದ್ಳೇನಬೇ?"