ಆರಡಿ ದೂರದ ಕೈ

ಯಾರಾದರೂ ಇಂಥ ಕಥೆ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಇನ್ನೊಮ್ಮೆ ಮಾಡಿ ತೋರಿಸಲಾಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಆದರೂ ಇದನ್ನು ನಿಮಗೆ ಹೇಳಿಬಿಡುತ್ತೇನೆ.

ಈ ಪರದೇಶದಲ್ಲಿ, ಮಾರಿಸ್‌ವಿಲ್ ಹತ್ತಿರದ ನಮ್ಮ ಪುಟ್ಟ ಪ್ರೆಸ್ಬಿಟೀರಿಯನ್ ಚರ್ಚಿಗೆ ಪೂರ್ಣಾವಧಿಯ ಪಾದ್ರಿ ಸಿಕ್ಕಿರಲಿಲ್ಲ. ಹಾಗಾದಾಗ ಸಭೆಯವರಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು, ಆ ಚರ್ಚಿನ ಮಟ್ಟಿಗೆ ಮಾತ್ರ ದೀಕ್ಷೆ ಕೊಡುವುದುಂಟು. ನನ್ನ ಹೆಸರು ಸೂಚಿಸಿದವರು ಉಡುಪಿ ಕಡೆಯ ಗ್ರೇಸಿ ಆಂಟಿ. ವಾರವೆಲ್ಲ ಲ್ಯಾಪ್‌ಟಾಪ್, ಭಾನುವಾರ ಪಾದ್ರಿ. ಇದು ಬರೀ ವೇಷವಾಗಿಬಿಟ್ಟರೆ ಎಂಬ ಅಳುಕು ನನಗೆ. "ನಾನು ಅರ್ಧ ಪಾದ್ರಿ, ಆಂಟಿ" ಎಂದರೆ, "ಎಂತ ಅರ್ಧ ಮಾರಾಯ? ನಾನು ಸಾಯುವಾಗ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಲಿಕ್ಕೆ ನೀನೇ ಬರ್ಬೇಕು" ಎಂದಿದ್ದರು. ನಾನೂ ಮಾತು ಕೊಟ್ಟಿದ್ದೆ.

ದೀಕ್ಷೆಯ ದಿನ ಹಿರಿಯರೆಲ್ಲ ಬಂದು ತಲೆಯ ಮೇಲೆ ಕೈಯಿಡುವುದು ನಮ್ಮ ಪದ್ಧತಿ. ಅದು ಕೋವಿಡ್ ಕಾಲ. ಎಲ್ಲರೂ ಮಾಸ್ಕ್ ಹಾಕಿಕೊಂಡು ಆರಡಿ ದೂರದಿಂದಲೇ ಕೈ ಚಾಚಿದರು. ನಾನು ಕಣ್ಣು ಮುಚ್ಚಿ ಮಂಡಿಯೂರಿದ್ದೆ. ಆಗ ಒಂದು ಕೈ ನನ್ನ ನೆತ್ತಿಯ ಮೇಲೆ ಕೂತಿತು. ಬೆಚ್ಚಗಿತ್ತು, ಭಾರವಿತ್ತು. ಯಾರಪ್ಪಾ ಇದು ನಿಯಮ ಮುರಿದವರು ಎಂದು ಕಣ್ಣು ಬಿಟ್ಟರೆ ಹತ್ತಿರ ಯಾರೂ ಇಲ್ಲ.

ಮರುವಾರ ಅದೇ ಜಾಗದಲ್ಲಿ ಮಂಡಿಯೂರಿ ನೋಡಿದೆ. ಎಸಿ ಹಾಕಿ ನೋಡಿದೆ, ಆರಿಸಿ ನೋಡಿದೆ, ಮಾಸ್ಕಿನ ದಾರ ಬಿಗಿದೂ ನೋಡಿದೆ. ಏನೂ ಆಗಲಿಲ್ಲ. ನಗುತ್ತಾರೆಂದು ಯಾರಿಗೂ ಹೇಳಲಿಲ್ಲ, ಆಂಟಿಗೂ.

ಆ ಚಳಿಗಾಲದಲ್ಲಿ ಆಂಟಿ ಕೋವಿಡ್ ಜ್ವರ ಬಂದು ಆಸ್ಪತ್ರೆ ಸೇರಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೊಟ್ಟ ಮಾತು ನಡೆಸಲಾಗದೆ ತುಂಬ ಸಂಕಟವಾಯಿತು. ಪಾರ್ಕಿಂಗ್ ಲಾಟಿನಲ್ಲಿ ನಿಂತು, ಅವರ ಕಿಟಕಿಯ ಕಡೆ ಕೈ ಚಾಚಿ, ಫೋನಿನಲ್ಲೇ ಪ್ರಾರ್ಥನೆ ಮಾಡಿದೆ. ಆಮೆನ್ ಎಂದೆ.

"ನಿನ್ನನ್ನು ಒಳಗೆ ಬಿಟ್ಟದ್ದು ಯಾರು ಮಾರಾಯ?" ಎಂದರು ಆಂಟಿ. "ಕೈ ತೆಗೀಬೇಡ. ಇನ್ನೂ ಸ್ವಲ್ಪ ಹೊತ್ತು ತಲೆ ಮೇಲೆ ಇರ್ಲಿ."

ನಾನು ತೆಗೆಯಲಿಲ್ಲ. ಭುಜ ಸೋಲುವವರೆಗೂ ಹಾಗೇ ನಿಂತಿದ್ದೆ. ಮರುದಿನ ಆಂಟಿ ತೀರಿಕೊಂಡರು.

ಆಂಟಿಯದು ಜ್ವರದ ಭ್ರಮೆ ಎನ್ನಬಹುದು. ಆದರೆ ದೀಕ್ಷೆಯ ದಿನ ನನಗೆ ಜ್ವರವಿರಲಿಲ್ಲ. ಇದರ ತಲೆಬುಡ ನನಗೆ ಇಂದಿಗೂ ತಿಳಿದಿಲ್ಲ. ಅರ್ಧ ಪಾದ್ರಿ ಎಂಬ ಮಾತನ್ನು ಮಾತ್ರ ಅಂದಿನಿಂದ ಆಡಿಲ್ಲ.