ಹೆಚ್ಚು ಸ್ಕೋರ್ ಮಾಡಿದವನು

ಅಮೆರಿಕದ ಬ್ರಿಡ್ಜ್‌ವಾಟರ್‌ನ ಔಷಧಿ ಕಂಪನಿಯೊಂದರಲ್ಲಿ ನಮ್ಮವರ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಯಾರಿಗೂ ಹೇಳಕೂಡದು ಎಂದಿದ್ದರು. ಯಾರಾದರೂ ವಿಚಾರಿಸಿಯಾರೆಂದು ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟಿದ್ದೆವು. ಮನೆಯಲ್ಲಿ ಅವರ ಮಾತು ಊಟ, ಉಪ್ಪು, ಹೀಟರು, ಇಷ್ಟಕ್ಕೇ ನಿಂತುಹೋಗಿತ್ತು. ನನಗೂ ಬೇಸರವೆಂದು ಹೇಳುವಷ್ಟು ಏನೂ ಅನ್ನಿಸುತ್ತಿರಲಿಲ್ಲ. ಸಿಂಕಿನ ಮುಂದೆ ನಿಂತರೆ ಕೈ ತಾನಾಗಿ ಪಾತ್ರೆ ತೊಳೆಯುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಧಾರವಾಡದ ಕಡೆಯ ಸ್ನೇಹಿತರೊಬ್ಬರು ಟಿವಿಯಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಲು ಬಂದರು. ಪ್ರತಿ ಮಾರ್ಚಿನಲ್ಲೂ ಬರುತ್ತಿದ್ದವರು, ಬೇಡವೆನ್ನಲು ನೆಪ ಸಿಗಲಿಲ್ಲ. ಶೂ ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಟ್ಟರು. ಒಂದು ಕಾಲುಚೀಲದ ಹಿಮ್ಮಡಿ ಸವೆದಿತ್ತು. ನಾನು ಹಚ್ಚಿದ ಅವಲಕ್ಕಿ ತಂದಿಟ್ಟು ಕುಳಿತೆ. ಕಾನ್ವೆಂಟಿನಲ್ಲಿ ಥ್ರೋಬಾಲ್ ಆಡಿದ್ದಷ್ಟೇ ನನಗೆ ಗೊತ್ತಿದ್ದ ಆಟ.

ಕಾಲೇಜು ಹುಡುಗರಲ್ಲಿ ವರ್ಷದ ಆಟಗಾರ ಯಾರಾಗಬೇಕು ಎಂದು ಅವರ ಚರ್ಚೆ ಶುರುವಾಯಿತು. ನಮ್ಮವರು ಯೂನಿವರ್ಸಿಟಿಗೇ ಫಸ್ಟ್ ರ‍್ಯಾಂಕ್ ಬಂದವರು. ಅವರಿಗೆ ಇದೂ ಒಂದು ಮಾರ್ಕ್ಸ್ ಪಟ್ಟಿಯೇ: ಯಾರ ಸ್ಕೋರು ಹೆಚ್ಚೋ ಅವನೇ ಮೊದಲಿಗ, ಆ ಎತ್ತರದ ಹುಡುಗನನ್ನು ಬಿಟ್ಟರೆ ಬೇರೆ ಯಾರಿದ್ದಾರೆ ಎಂದರು. ಎಷ್ಟೋ ದಿನಗಳ ಮೇಲೆ ಒಂದು ಇಡೀ ವಾಕ್ಯ ಅವರ ಬಾಯಿಂದ ಬಂದಿತ್ತು. ಸ್ನೇಹಿತರು ಒಪ್ಪಲಿಲ್ಲ. ಅವರಿಗೆ ಚೆಂಡು ದಾಟಿಸಿ ಮಿಕ್ಕವರಿಂದ ಸ್ಕೋರ್ ಮಾಡಿಸುವ ಗಿಡ್ಡನೇ ಬೇಕು.

"ಏ ರ‍್ಯಾಂಕ್ ಸಾಹೇಬ್ರ, ಎಲ್ಲಾ ಬಾಲ್ ಅವನೊಬ್ಬನ ಹಾಕಿದ್ರ ಉಳದ ನಾಕು ಮಂದಿ ಚುರಮುರಿ ತಿನ್ನಾಕ ಬಂದಾರೇನು? ವೈನಿ, ನೀವರ ಹೇಳ್ರಿ."

ನಾನು ನಕ್ಕಂತೆ ಮಾಡಿದೆ. ನಮ್ಮವರು ಬಿಡಲಿಲ್ಲ, ಅಂಕಿಗಳ ಮೇಲೆ ಅಂಕಿ ಹೇಳುತ್ತ ಹೋದರು. ಕೆಲಸ ಹೋದದ್ದು ತಿಳಿಯದ ಸ್ನೇಹಿತರು ಅವಲಕ್ಕಿಯಿಂದ ಶೇಂಗಾ ಆರಿಸುತ್ತಲೇ ಕೇಳಿದರು: "ನಿಮ್ಮ ಆಫೀಸ್‌ನ್ಯಾಗ ಹಂಗ ನಡೀತದೇನು? ಹೆಚ್ಚು ದುಡದವಗ ಪ್ರಮೋಷನ್ ಕೊಡ್ತಾರ?"

ನನ್ನ ಬೆರಳು ಸೆರಗಿನ ಅಂಚಿನ ಮೇಲೆ ನಿಂತಿತು. ನಮ್ಮವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ. ಅವನನ್ನೇ ಮೊದಲು ತೆಗೀತಾರೆ. ನನ್ನನ್ನ ಜನವರಿಯಲ್ಲೇ ತೆಗೆದುಹಾಕಿದರು ರೀ."

ಸ್ನೇಹಿತರು ಕೈಯಲ್ಲಿದ್ದ ಶೇಂಗಾ ತಟ್ಟೆಗೆ ಹಾಕಿದರು. ಟಿವಿ ದನಿ ತಗ್ಗಿಸಿ, ನಮ್ಮವರ ಮೊಣಕಾಲ ಮೇಲೆ ಕೈಯಿಟ್ಟರು. ಅದು ಬೇರೆ ಯಾರದೋ ಮೊಣಕಾಲು ಎಂಬಂತೆ ಇವರು ಅದನ್ನೇ ನೋಡುತ್ತ ಕೂತರು. ಈ ಸುದ್ದಿ ಹೊರಬಿದ್ದ ದಿನ ನಮ್ಮಿಬ್ಬರಲ್ಲಿ ಒಬ್ಬರಾದರೂ ಅಳುತ್ತೇವೆ ಎಂದುಕೊಂಡಿದ್ದೆ. ಇಬ್ಬರೂ ಅಳಲಿಲ್ಲ.

"ಮುಂದ ಏನು ಮಾಡಬೇಕಂತೀರಿ?" ಸ್ನೇಹಿತರು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ" ಎಂದರು ನಮ್ಮವರು.

ನಾನು ಇದೇ ಪ್ರಶ್ನೆ ಕೇಳಿದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದರು. ಈಗ ಹೋಗಲಿಲ್ಲ. ಕಾಫಿಗೆ ಹಾಲಿಡಬೇಕಿತ್ತು, ನಾನೂ ಏಳಲಿಲ್ಲ.