ಕಣ್ಣಳತೆಯ ಸ್ವೆಟರ್

ಅಂಗಡಿಯವನ ಅಂದಾಜಿನಲ್ಲಿ ಹೆಂಡತಿಯ ತಂಗಿ ಗಿಟ್ಟದ ಸರಕು: ಮಾತು ಸಗಟು, ಕೆಲಸ ಚಿಲ್ಲರೆ. ಆದರೂ ಪ್ರತಿ ಕ್ರಿಸ್ಮಸ್‌ಗೆ ಮನೆಮಂದಿಗೆಲ್ಲ ಸ್ವೆಟರ್ ಹೆಣೆಯುವವಳು ಅವಳೇ, ಅದೂ ಟೇಪು ಮುಟ್ಟದೆ, ಬರೀ ಕಣ್ಣಳತೆಯಲ್ಲಿ.

ಈ ಸಲ ಹಬ್ಬದ ಹಿಂದಿನ ದಿನವೂ ಅಕ್ಕನ ಸ್ವೆಟರ್ ಮುಗಿದಿರಲಿಲ್ಲ. ಓವನ್‌ನಲ್ಲಿ ಕೇಕು ಬೇಯುತ್ತಿತ್ತು. ಅಕ್ಕ ಕಿಟಕಿಗೆ ಕಾಗದದ ನಕ್ಷತ್ರ ಅಂಟಿಸುತ್ತಿದ್ದಳು. ತಂಗಿ ನಾಲ್ಕು ಸಾಲು ಹೆಣೆಯುವಳು, ಅಕ್ಕನ ಬೆನ್ನನ್ನೇ ದಿಟ್ಟಿಸುವಳು, ಹೆಣೆದದ್ದನ್ನು ಬಿಚ್ಚುವಳು. ಎದ್ದು ಹೋಗಿ ಕೇಕು ಇಣುಕಿ ಬಂದು ಮತ್ತೆ ಬಿಚ್ಚುವಳು.

“ಏನಮ್ಮಾ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಆ ಕೇಕಿಗಾದ್ರೂ ನೆಮ್ಮದಿಯಾಗಿ ಉಬ್ಬೋಕೆ ಬಿಡು,” ಎಂದ ಅಂಗಡಿಯವನು.

“ಸುಮ್ನಿರಿ ಭಾವ. ನನ್ನ ಕಣ್ಣೇ ಸುಳ್ಳು ಹೇಳ್ತಿದೆಯೋ ಏನೋ.”

ಸಂಜೆಗೆ ಮುಗಿದ ಸ್ವೆಟರನ್ನು ಅವನು ಎತ್ತಿ ಹಿಡಿದು ನಕ್ಕ. “ಇದು ನಿಮ್ಮಕ್ಕನಿಗೋ, ನನ್ನ ಮಗಳ ಗೊಂಬೆಗೋ? ಉಣ್ಣೆಯಲ್ಲೂ ಉಳಿತಾಯವಾ?”

ಅಕ್ಕ ತೊಟ್ಟುಕೊಂಡಳು. ಹೋದ ವರ್ಷದ್ದಕ್ಕಿಂತ ನಾಲ್ಕು ಬೆರಳು ಕಿರಿದಾದ ಸ್ವೆಟರ್ ಹೇಳಿ ಮಾಡಿಸಿದಂತೆ ಕೂತಿತು. ಅಂಗಡಿಯವನ ನಗು ಅಲ್ಲೇ ನಿಂತಿತು.

“ಬಿಗಿಯಾಗ್ಲಿ ದೇವ್ರೇ ಅಂತ ಬೇಡ್ಕೊಂಡೇ ಹೆಣೆದೆ, ಭಾವ,” ಎಂದಳು ತಂಗಿ. “ಅಕ್ಕನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.”

ದಿನವಿಡೀ ತಕ್ಕಡಿ ಹಿಡಿಯುವವನಿಗೆ ಮನೆಯೊಳಗೆ ಕರಗುತ್ತಿದ್ದ ತೂಕ ಕಂಡಿರಲಿಲ್ಲ. ಹಬ್ಬದ ಮರುದಿನವೇ ಆಸ್ಪತ್ರೆಗೆ ಹೋದರು. ಕಾಯಿಲೆ ಇನ್ನೂ ಮೊಳಕೆಯಲ್ಲಿತ್ತು, ವಾಸಿಯಾಯಿತು. ಹೆಂಡತಿ ಇಂದಿಗೂ ಅವನೆದುರು ಕೂತು ಜಗಳವಾಡುತ್ತಿದ್ದಾಳೆ ಎಂದರೆ, ಅದು ಆ ನಾದಿನಿಯ ಋಣ.